ಉಣ್ಣೆಯ ಮಿಂಚುಳ್ಳಿ

ಈ ಸ್ಮರಣ ಸಂಚಿಕೆಗೆ ನಾನೂ ಏನಾದರೂ ಬರೆದು ಕೊಡಬೇಕೆಂದು ಹಳೆಯ ವಿದ್ಯಾರ್ಥಿನಿಯರ ಪರವಾಗಿ ಎರಡು ಸಾರಿ ಹೇಳಿ ಕಳುಹಿಸಿದರು. ಸ್ತ್ರೀವಿದ್ಯಾಭ್ಯಾಸದ ಮಹತ್ವವನ್ನು ಕುರಿತು ಬರೆಯುವದಕ್ಕೆ ನನಗಿಂತ ಯೋಗ್ಯರಾದವರು ಅನೇಕರಿರುವದರಿಂದ, ನಾನು ಈ ಶಾಲೆಯಲ್ಲಿ ಕಲಿತು ಇಂದಿನ ವರೆಗೂ ಕೈಬಿಡದೆ ಇಟ್ಟುಕೊಂಡಿರುವ ಒಂದೇ ವಿದ್ಯೆಯ ವಿಷಯವಾಗಿ, ಅಂದರೆ ಬಣ್ಣದ ಉಣ್ಣೆಯ ಹೆಣಿಗೆಯ ವಿಷಯವಾಗಿ, ಕೆಲವು ಮಾತುಗಳನ್ನು ಬರೆಯುವೆನು. ಬೀಜಗಣಿತವನ್ನು ಮರೆತಿದ್ದೇನೆ, ಅರಸರ ತಾರೀಖುಗಳನ್ನು ಮರೆತಿದ್ದೇನೆ, ಆದರೆ ಕತ್ತಲಲ್ಲಿ ಕೂಡ ಕುಣಿಕೆ ಬಿದ್ದುಹೋದದ್ದು ನನ್ನ ಬೆರಳಿಗೆ ತಿಳಿಯುತ್ತದೆ.

ಮಂಗಳೂರಿನಲ್ಲಿ ಉಣ್ಣೆ ಯಾಕೆ ಎಂದು ನಗುವವರು ನಗಲಿ. ವರುಷಕ್ಕೆ 3,500 ಮಿಲಿಮೀಟರಿಗಿಂತಲೂ ಹೆಚ್ಚು ಮಳೆ ಹೊಯ್ಯುವ ಈ ಊರಲ್ಲಿ ಡಿಸೆಂಬರದ ಬೆಳಗಿನ ಜಾವದಲ್ಲಿಯೂ ಶಾಖವು 20 ಡಿಗ್ರಿಗಿಂತ ಕೆಳಗೆ ಇಳಿಯುವದು ಅಪೂರ್ವ. ಹೆಣಿಗೆಯ ಪಾಠದಲ್ಲಿ ನಮ್ಮ ಅಂಗೈ ಬೆವರಿ, ಬಿಳಿಯ ನೂಲು ಅರ್ಧ ತಾಸಿನೊಳಗೆ ಬೂದಿಯ ಬಣ್ಣಕ್ಕೆ ತಿರುಗುತ್ತಿತ್ತು. ಪಾಠಕ್ಕೆ ಮುಂಚೆ ಸಾಬೂನು ಹಚ್ಚಿ ಕೈ ತೊಳೆದು ಸಾಲಾಗಿ ನಿಂತು ತೋರಿಸಬೇಕಾಗಿದ್ದದ್ದು ಅಂದಿನವರಿಗೆಲ್ಲಾ ನೆನಪಿರಬಹುದು. ಹಾಗಿದ್ದರೂ ಹೆಣಿಗೆಗೆ ಇಲ್ಲಿ ಕಾರಣವಿಲ್ಲದೆ ಇರಲಿಲ್ಲ. ಈ ಊರಿನ ಎಷ್ಟೋ ಮನೆಗಳಲ್ಲಿ ಒಬ್ಬನಾದರೂ ಘಟ್ಟದ ಮೇಲೆ ಇದ್ದನು. ಕೆಲವರ ಅಣ್ಣಂದಿರು ಚಿಕ್ಕಮಗಳೂರಿನಲ್ಲಿ, ಕೆಲವರ ಮಾವಂದಿರು ನೀಲಗಿರಿಯಲ್ಲಿ. ನನ್ನ ಅಪ್ಪನವರು ಮಡಿಕೇರಿಯ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರಾಗಿದ್ದರು. ಪುತ್ತೂರು, ಸುಳ್ಯ, ಸಂಪಾಜೆಯ ಮಾರ್ಗವಾಗಿ ಸುಮಾರು 140 ಕಿಲೋಮೀಟರ್ ದೂರ, ಸಮುದ್ರ ಮಟ್ಟದಿಂದ 1,100 ಮೀಟರಿಗಿಂತ ಎತ್ತರ. ಹೊತ್ತು ಮೂಡುವ ಮುಂಚೆ ಮಂಜಿನಲ್ಲಿ ನಿಂತು ಆಳುಗಳ ಹಾಜರಿ ಹಿಡಿಯುವದು ಅವರ ಕೆಲಸ. ವರುಷಕ್ಕೆ ಮೂರು ಸಲ ಮನೆಗೆ ಬರುತ್ತಿದ್ದರು.

ನಾನು ಶಾಲೆಗೆ ಸೇರುವ ಮುಂಚೆಯೇ ಹೆಣಿಗೆಯನ್ನು ಅಜ್ಜಿಯವರಿಂದ ಕಲಿತಿದ್ದೆನು. ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೆ ಬಂದವರು. 1914ರಲ್ಲಿ ಯುದ್ಧವು ಹುಟ್ಟಿದ ತರುವಾಯ ಅವರಲ್ಲಿನ ಜರ್ಮನರು ಈ ದೇಶವನ್ನು ಬಿಡಬೇಕಾಯಿತು. ಅದಕ್ಕೆ ಮುಂಚೆ ನಮ್ಮ ಅಜ್ಜಿಯವರು ಒಬ್ಬ ಜರ್ಮನ್ ಮಿಸ್ಸಿಯಮ್ಮನವರ ಕೈಕೆಳಗೆ ಕಲಿತರಂತೆ. ಅವರು ನೂಲನ್ನು ಎಡಗೈಯ ತೋರುಬೆರಳಿಗೆ ಸುತ್ತಿ, ಬಲಗೈಯ ಕಡ್ಡಿಯ ಮೊನೆಯಿಂದ ಅದನ್ನು ಹೆಕ್ಕಿಕೊಳ್ಳುತ್ತಿದ್ದರು. ಶಾಲೆಗೆ ಬಂದಾಗ ನಮ್ಮ ಸೂಜಿ ಕೆಲಸದ ಉಪಾಧ್ಯಾಯಿನಿಯವರು ಇಂಗ್ಲಿಷರ ರೀತಿಯಲ್ಲಿ ನೂಲನ್ನು ಬಲಗೈಯಲ್ಲಿ ಹಿಡಿದು ಕಡ್ಡಿಯ ಮೇಲೆ ಹಾಕಿ ತೋರಿಸಿದರು. ಒಂದು ವರುಷವೆಲ್ಲಾ ನಾನು ಮನೆಯಲ್ಲಿ ಎಡಗೈಯವಳೂ ಶಾಲೆಯಲ್ಲಿ ಬಲಗೈಯವಳೂ ಆಗಿ, ಎರಡು ಕಡೆಯಲ್ಲಿಯೂ ಬೈಸಿಕೊಂಡೆನು. ಎಂಟನೆಯ ತರಗತಿಯಲ್ಲಿ ಎರಡು ಬಣ್ಣದ ಹೆಣಿಗೆ ಆರಂಭವಾಯಿತು. ಉಳಿದ ಹುಡುಗಿಯರು ಒಂದು ನೂಲನ್ನು ಬಿಟ್ಟು ಇನ್ನೊಂದನ್ನು ಹಿಡಿದು, ಅದನ್ನು ಬಿಟ್ಟು ಮತ್ತೆ ಮೊದಲಿನದನ್ನು ಹಿಡಿದು ಗೊಂದಲದಲ್ಲಿದ್ದಾಗ, ನಾನು ಯಾರೂ ಹೇಳದೆಯೇ ಬಿಳಿಯ ನೂಲನ್ನು ಎಡಗೈಯಲ್ಲಿಯೂ ಕೆಂಪು ನೂಲನ್ನು ಬಲಗೈಯಲ್ಲಿಯೂ ಹಿಡಿದುಕೊಂಡೆನು. ಎರಡು ಉಂಡೆಗಳೂ ಸಿಕ್ಕುಬೀಳದೆ ಹರಿದು ಬಂದವು. ಟೀಚರವರು ನನ್ನ ಹಿಂದೆ ಬಹಳ ಹೊತ್ತು ನಿಂತರು. "ಅಜ್ಜಿಗೆ ನನ್ನ ನಮಸ್ಕಾರ ಹೇಳು" ಎಂದಷ್ಟೇ ಹೇಳಿ ಮುಂದೆ ಹೋದರು.

ನಮಗೆ ಇದ್ದದ್ದು ಒಂದೇ ಮಾದರಿಯ ಪುಸ್ತಕ. ಅದರ ಹೊದಿಕೆ ಯಾವಾಗಲೋ ಹೋಗಿತ್ತು. ಅದರಲ್ಲಿ ಎಂಟು ಎಸಳಿನ ಹೂವು, ಹಿಮದ ಹರಳು, ಮುಳ್ಳುಮುಳ್ಳಾದ ಚಳಿದೇಶದ ಮರ, ಕೊಂಬಿನ ಜಿಂಕೆ. ನಾವು ಇವನ್ನೇ ಟೋಪಿಗೂ, ಕುತ್ತಿಗೆಯ ಪಟ್ಟಿಗೂ, ಮೇಜಿನ ಗಂಟೆಯ ಕೆಳಗಿಡುವ ಚೌಕಕ್ಕೂ ಹೆಣೆಯುತ್ತಿದ್ದೆವು. ಹಿಮವನ್ನು ಕಂಡವಳು ತರಗತಿಯಲ್ಲಿ ಒಬ್ಬಳೂ ಇರಲಿಲ್ಲ. ಆ ಮಾದರಿಗಳು ಎಲ್ಲಿಂದ ಬಂದವೆಂಬದನ್ನು ನಾನು ಬಹಳ ವರುಷಗಳ ತರುವಾಯ ಓದಿ ತಿಳಿದೆನು. ಎಂಟೆಸಳಿನ ಹೂವು ಹಳೆಯದು, ಬೇರೆ ಬೇರೆ ದೇಶಗಳಲ್ಲಿ ಉಂಟು. ಆದರೆ ನಾರ್ವೆ ದೇಶದ ಸೆಲ್ಬು ಎಂಬ ಹಳ್ಳಿಯಲ್ಲಿ 1857ರಲ್ಲಿ ಮಾರಿಟ್ ಎಮ್‌ಸ್ಟಾಡ್ ಎಂಬ ಹುಡುಗಿಯು ಕಪ್ಪು ಬಿಳುಪಿನ ಕೈಚೀಲಗಳಲ್ಲಿ ಅದನ್ನು ಹೆಣೆದ ಮೇಲೆ ಆ ಊರಿನ ಹೆಸರೇ ಆ ಹೂವಿಗೆ ಅಂಟಿಕೊಂಡಿತು. ಇನ್ನು ಫೇರ್ ಐಲ್ ಎಂಬದು ಸ್ಕಾಟ್ಲೆಂಡಿನ ಉತ್ತರಕ್ಕೆ ಆರ್ಕ್ನಿ ಮತ್ತು ಶೆಟ್ಲೆಂಡ್ ದ್ವೀಪಗಳ ನಡುವೆ ಇರುವ ಒಂದು ಚಿಕ್ಕ ದ್ವೀಪ. ಉದ್ದ ಐದು ಕಿಲೋಮೀಟರ್ ಮಾತ್ರ. 1588ರಲ್ಲಿ ಅಲ್ಲಿ ಒಡೆದ ಒಂದು ಸ್ಪೇನಿನ ಹಡಗಿನ ನಾವಿಕರು ಅಲ್ಲಿಯ ಹೆಂಗಸರಿಗೆ ಈ ಹೆಣಿಗೆಯನ್ನು ಕಲಿಸಿದರೆಂಬ ಕಥೆ ಉಂಟು. ಹಡಗು ಒಡೆದದ್ದು ನಿಜ. ಕಲಿಸಿದ್ದನ್ನು ವಿದ್ವಾಂಸರು ಒಪ್ಪುವದಿಲ್ಲ. ಮುಳುಗುವ ಹಡಗಿನಿಂದ ಪಾರಾದ ನಾವಿಕನು ಹೆಣಿಗೆ ಕಲಿಸುತ್ತಾ ಕುಳಿತನೆಂಬದನ್ನು ನಾನೂ ನಂಬಲಾರೆನು. 1922ರಲ್ಲಿ ವೇಲ್ಸಿನ ರಾಜಕುಮಾರನು ಅಂಥ ಒಂದು ಸ್ವೆಟರನ್ನು ತೊಟ್ಟು ಗಾಲ್ಫ್ ಆಡಿದ್ದರಿಂದ ಅದು ಲೋಕಪ್ರಸಿದ್ಧವಾಯಿತು. ಆ ಹೆಂಗಸರ ಕ್ರಮವೇನೆಂದರೆ, ಮಾದರಿಯಲ್ಲಿ ಎಷ್ಟೇ ಬಣ್ಣಗಳಿದ್ದರೂ ಒಂದು ಸಾಲಿನಲ್ಲಿ ಎರಡಕ್ಕಿಂತ ಹೆಚ್ಚು ಬಣ್ಣಗಳನ್ನು ಹಿಡಿಯುವದಿಲ್ಲ. ಕೈಗಳು ಎರಡೇ ಇರುವದರಿಂದ ಈ ನಿಯಮವು ನನಗೆ ಬಹು ನ್ಯಾಯವಾಗಿ ಕಾಣುತ್ತದೆ.

1968ರ ಜೂನ್ ತಿಂಗಳಲ್ಲಿ ನಾವು ಒಂಬತ್ತನೆಯ ತರಗತಿಗೆ ಬಂದಾಗ ಟೀಚರವರು ಆ ಪುಸ್ತಕವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. "ಮಕ್ಕಳೇ, ಈ ವರುಷ ಹಿಮ ಸಾಕು. ಕಂಪೌಂಡಿನೊಳಗೆ ಏನುಂಟೋ ಅದನ್ನು ಹೆಣೆಯಿರಿ. ಡಿಸೆಂಬರದ ಪ್ರದರ್ಶನಕ್ಕೆ ಬೇಕು" ಎಂದರು. ನಾವು ಒಬ್ಬರ ಮುಖವನ್ನು ಒಬ್ಬರು ನೋಡಿಕೊಂಡೆವು. ಕಂಪೌಂಡಿನಲ್ಲಿ ಏನುಂಟು? ಮಳೆ ಉಂಟು, ಪಾಚಿ ಉಂಟು.

ಆದರೆ ಹೆಣೆಯಬೇಕೆಂಬ ಕಣ್ಣಿನಿಂದ ನೋಡುವಾಗ ಅದೇ ಕಂಪೌಂಡು ಬೇರೆಯಾಗಿ ಕಂಡಿತು. ಮುರಕಲ್ಲಿನ ಗೋಡೆಯ ಬಿರುಕುಗಳಲ್ಲಿ, ಎಲೆಯ ಅಡಿಯಲ್ಲಿ ಬಿಳಿಯ ಹುಡಿಯಿರುವ ಜರಿಗಿಡವು ಬೆಳೆದಿತ್ತು. ಅದನ್ನು ಕೈಯ ಮೇಲಿಟ್ಟು ಹೊಡೆದರೆ ಬಿಳಿಯ ಅಚ್ಚು ಮೂಡುವದೆಂದು ಚಿಕ್ಕ ಮಕ್ಕಳಿಗೂ ಗೊತ್ತು. ಅದು ದೇವರೇ ಬರೆದಿಟ್ಟ ಎರಡು ಬಣ್ಣದ ಮಾದರಿಯೆಂದು ನಮಗೆ ಅಲ್ಲಿಯ ವರೆಗೆ ಹೊಳೆದಿರಲಿಲ್ಲ. ಒಬ್ಬಳು ಕಂದು ಬಣ್ಣದ ಮೇಲೆ ಬಿಳಿಯ ಜರಿಯೆಲೆಯನ್ನು ಹೆಣೆದಳು. ಇನ್ನೊಬ್ಬಳು ಅಬ್ಬಲಿಗೆಯ ಬಣ್ಣಕ್ಕೆ ಸರಿಯಾದ ನೂಲನ್ನು ಹುಡುಕಿ ಹುಡುಕಿ ಸೋತು, ಹೆಂಚಿನ ಸಾಲನ್ನು ಹಿಡಿದಳು. 1865ರಲ್ಲಿ ಪ್ಲೆಬ್ಸ್ಟ್ ಎಂಬವರು ಈ ಊರಿನ ಹೊಳೆಯ ಮಣ್ಣಿನಿಂದ ಹೆಂಚನ್ನು ಮಾಡಲಾರಂಭಿಸಿದಂದಿನಿಂದ ನಮ್ಮ ಕಣ್ಣಮುಂದೆ ಇದ್ದ ಆ ಕೆಂಪು, ಮಳೆ ಬಿದ್ದಾಗ ಒಂದು, ಒಣಗಿದಾಗ ಇನ್ನೊಂದು ಆಗುತ್ತದೆ. ಅವಳು ಎರಡನ್ನೂ ಹೆಣೆದಳು. ಬಹುಮಾನ ಅವಳಿಗೇ ಬಂತು, ನ್ಯಾಯವಾಗಿಯೇ ಬಂತು.

ತೆಂಗಿನ ಗರಿಯು ಹೆಣಿಗೆಗಾಗಿಯೇ ಹುಟ್ಟಿದ್ದು ಎನ್ನಬೇಕು. ನಡುವೆ ದಿಂಡು, ಎರಡು ಕಡೆಗೂ ಓರೆಯಾಗಿ ಇಳಿಯುವ ಎಲೆಗಳು. ಓರೆಯಾದ ಗೆರೆಯು ಪ್ರತಿ ಸಾಲಿನಲ್ಲಿ ಒಂದೊಂದೇ ಕುಣಿಕೆಯಷ್ಟು ಪಕ್ಕಕ್ಕೆ ಸರಿಯುವದರಿಂದ, ಒಂದು ಬಣ್ಣದ ನೂಲು ಇನ್ನೊಂದರ ಹಿಂದೆ ಬಹು ದೂರ ಅಡಗಿ ಹೋಗಬೇಕಾಗಿಲ್ಲ. ಇದು ಮುಖ್ಯವಾದ ಸಂಗತಿ. ಈ ಹೆಣಿಗೆಯಲ್ಲಿ ಮುಂಬದಿಗೆ ಬೇಡವಾದ ಬಣ್ಣವು ಸುಮ್ಮನೆ ಇರುವದಿಲ್ಲ. ಅದು ಬಟ್ಟೆಯ ಹಿಂದುಗಡೆ ಉದ್ದಕ್ಕೆ ಹಾಯುತ್ತಾ ತನ್ನ ಸರದಿಯನ್ನು ಕಾಯುತ್ತದೆ. ಧಾರವಾಡದ ಕಡೆಯ ಕಸೂತಿಯಲ್ಲಿ ಗವಂತಿ ಎಂಬ ಹೊಲಿಗೆ ಎರಡು ಬದಿಗೂ ಒಂದೇ ರೂಪವಾಗಿ ಕಾಣುವದು. ನಮ್ಮ ಹೆಣಿಗೆಗೆ ಆ ಭಾಗ್ಯವಿಲ್ಲ. ಹಾಯುವ ನೂಲನ್ನು ಎಳೆದು ಬಿಗಿದರೆ ಬಟ್ಟೆ ಸುಕ್ಕಾಗಿ ಟೋಪಿಯು ತಲೆಗೆ ಇಳಿಯುವದಿಲ್ಲ. ಸಡಿಲ ಬಿಟ್ಟರೆ ಜೋಲುತ್ತದೆ. ಐದು ಕುಣಿಕೆಗಳಿಗಿಂತ ಹೆಚ್ಚು ದೂರ ಹಾಯಬೇಕಾದಲ್ಲಿ ನಡುವೆ ಒಮ್ಮೆ ಇನ್ನೊಂದು ನೂಲಿನ ಸಂಗಡ ಹೊರಳಿಸಿ ಸಿಕ್ಕಿಸಿಕೊಳ್ಳಬೇಕೆಂದು ಟೀಚರವರು ವಾರಕ್ಕೊಮ್ಮೆ ಹೇಳುತ್ತಿದ್ದರು. ನಾನು ವಾರಕ್ಕೊಮ್ಮೆ ಕೇಳುತ್ತಿದ್ದೆನು.

ನಾನು ತೆಂಗಿನ ಗರಿಯನ್ನು ಅಂಚಿಗೆ ಮಾತ್ರ ಇಟ್ಟುಕೊಂಡೆನು. ನನ್ನ ಮನಸ್ಸು ಬಾವಿಯ ರಾಟೆಯ ಮೇಲೆ ದಿನಾಲೂ ಬಂದು ಕೂರುತ್ತಿದ್ದ ಮಿಂಚುಳ್ಳಿಯ ಮೇಲೆ ಹೋಗಿತ್ತು. ಕಂದು ತಲೆ, ಬಿಳಿಯ ಗಂಟಲು, ಕೆಂಪು ಕೊಕ್ಕು, ಬೆನ್ನಿನ ಆ ನೀಲಿ! ಈ ಜಾತಿಯ ಮಿಂಚುಳ್ಳಿಗೆ ಮೀನೇ ಆಗಬೇಕೆಂದಿಲ್ಲ; ಮಿಡತೆ, ಓತಿ ಯಾವದೂ ಆದೀತು. ಆದದರಿಂದ ಅದು ನೀರಿನಿಂದ ದೂರದ ತೋಟಗಳಲ್ಲಿಯೂ ಇರುವದು. ಅಪ್ಪನವರಿಗೆ ಒಂದು ಸ್ವೆಟರನ್ನು ಹೆಣೆದು, ಎದೆಯ ಮೇಲೆ ಆ ಪಕ್ಷಿಯನ್ನು ಕೂರಿಸಬೇಕೆಂದು ನಿಶ್ಚಯಿಸಿದೆನು. ಬೂದು ಬಣ್ಣದ ನೂಲಿಗೆ ಅಮ್ಮ ಹಣ ಕೊಟ್ಟರು. ನೀಲಿಗೋಸ್ಕರ ಹಂಪನಕಟ್ಟೆಯ ಅಂಗಡಿಗಳನ್ನೆಲ್ಲಾ ಸುತ್ತಿದೆವು. ಒಂದು ನೀಲಿ ಪೋಲೀಸರ ಟೋಪಿಯಂತೆ, ಒಂದು ಮಸಿಯಂತೆ. ಹಕ್ಕಿಯ ನೀಲಿ ಯಾವ ಉಂಡೆಯಲ್ಲಿಯೂ ಇರಲಿಲ್ಲ. ಇರುವದೂ ಸಾಧ್ಯವಿಲ್ಲವೆಂದು ಈಗ ಬಲ್ಲೆನು: ಆ ಗರಿಯಲ್ಲಿ ನೀಲಿಯೆಂಬ ಬಣ್ಣದ ದ್ರವ್ಯವೇ ಇಲ್ಲ, ಗರಿಯ ಒಳಗಿನ ಅತಿ ಸೂಕ್ಷ್ಮವಾದ ರಚನೆಯು ಬೆಳಕನ್ನು ಚದರಿಸುವದರಿಂದ ಕಣ್ಣಿಗೆ ನೀಲಿ ಕಾಣುತ್ತದೆ. ಕಡೆಗೆ ಇದ್ದದ್ದರಲ್ಲಿ ಹಸುರು ಬೆರೆತ ಒಂದು ನೀಲಿಯನ್ನು ಕೊಂಡೆವು.

ಗಣಿತದ ಪುಸ್ತಕದ ಚೌಕುಳಿ ಕಾಗದದ ಮೇಲೆ, ಅಗಲಕ್ಕೆ 30 ಮನೆ, ಎತ್ತರಕ್ಕೆ 30 ಮನೆ ಹಿಡಿದು ಪಕ್ಷಿಯನ್ನು ಬರೆದೆನು. ಕಾಗದದ ಮೇಲೆ ಅದು ಹಾರಿಹೋಗುವಂತಿತ್ತು. ಪ್ರಿಯ ವಾಚಕರೇ, ಹೆಣಿಗೆಯ ಕುಣಿಕೆಯು ಚೌಕವಲ್ಲ. ಅದರ ಅಗಲ ಹೆಚ್ಚು, ಎತ್ತರ ಕಡಿಮೆ. ನನ್ನ ಕೈಯಲ್ಲಿ ನಾಲ್ಕು ಇಂಚಿನ ಅಗಲಕ್ಕೆ 22 ಕುಣಿಕೆಗಳೂ ನಾಲ್ಕು ಇಂಚಿನ ಎತ್ತರಕ್ಕೆ 30 ಸಾಲುಗಳೂ ಬರುತ್ತಿದ್ದವು. ಹಾಗಾದರೆ 30 ಕುಣಿಕೆಗಳ ಅಗಲವು ಸುಮಾರು ಐದೂವರೆ ಇಂಚು. 30 ಸಾಲುಗಳ ಎತ್ತರವು ನಾಲ್ಕೇ ಇಂಚು. ಎತ್ತರಕ್ಕೆ 41 ಸಾಲುಗಳಿರುವಂತೆ ಬರೆದಿದ್ದರೆ ಸರಿಹೋಗುತ್ತಿತ್ತು. ಈ ಲೆಕ್ಕವನ್ನು ನಾನು ಮಾಡಲಿಲ್ಲ. ರಾಟೆಯ ಮೇಲೆ ನೆಟ್ಟಗೆ ಕೂತಿದ್ದ ಪಕ್ಷಿಯು ಸ್ವೆಟರಿನ ಮೇಲೆ ಮೇಲಿನಿಂದ ಅದುಮಿದ ಹಾಗೆ ಕುಸಿದು, ಹೊಟ್ಟೆ ಅಗಲವಾಗಿ, ಕೊಕ್ಕು ಚಪ್ಪಟೆಯಾಯಿತು. ನಾನು ಕುಣಿಕೆಗಳನ್ನೇ ಹತ್ತಿರದಿಂದ ನೋಡುತ್ತಿದ್ದದರಿಂದ ಇದು ನನಗೆ ತಿಳಿಯಲೇ ಇಲ್ಲ. ಮೇಲಾಗಿ ಪಕ್ಷಿಯ ಹೊಟ್ಟೆಯ ಹಿಂದೆ ಬೂದು ನೂಲು ಹದಿನೆಂಟು ಕುಣಿಕೆಗಳಷ್ಟು, ಅಂದರೆ ಮೂರು ಇಂಚಿಗಿಂತಲೂ ಹೆಚ್ಚು, ಹಾಯ್ದುಹೋಗಬೇಕಾಗಿದ್ದಲ್ಲಿ ನಾನು ಒಮ್ಮೆಯೂ ಸಿಕ್ಕಿಸಿಕೊಳ್ಳದೆ ಹಾಗೆಯೇ ಬಿಟ್ಟೆನು. ಪ್ರದರ್ಶನಕ್ಕೆ ದಿನಗಳು ಕಡಿಮೆಯಿದ್ದವು. ಹಿಂಬದಿಯನ್ನು ಯಾರು ನೋಡುವರು?

ಪ್ರದರ್ಶನದ ದಿವಸ ಟೀಚರವರು ಹಿಂಬದಿಯನ್ನೇ ಮೊದಲು ನೋಡಿದರು. ಏನೂ ಹೇಳಲಿಲ್ಲ, ಹತ್ತಕ್ಕೆ ಐದು ಅಂಕ ಬರೆದರು.

ಅಪ್ಪನವರು ಕ್ರಿಸ್ಮಸ್ಸಿಗೆ ನಾಲ್ಕು ದಿನಗಳ ರಜೆಯಲ್ಲಿ ಬಂದರು. ಸ್ವೆಟರನ್ನು ಕಾಗದದಲ್ಲಿ ಸುತ್ತಿ ಅವರ ಕೈಯಲ್ಲಿಟ್ಟೆನು. ಅವರು ಬಿಚ್ಚಿ, ಬೆಳಕಿಗೆ ಹಿಡಿದು, ಆ ಸೆಕೆಯಲ್ಲಿಯೇ ತೊಟ್ಟುಕೊಂಡು, "ಬಾತುಕೋಳಿ ಬಹಳ ಚೆನ್ನಾಗಿದೆ, ಮಗಳೇ" ಎಂದರು.

ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆನು. ಹದಿನಾಲ್ಕನೆಯ ವಯಸ್ಸಿನಲ್ಲಿ ಅಂಥಾ ಮಾತಿಗೆ ಕ್ಷಮೆಯಿಲ್ಲ. ಆರು ತಿಂಗಳು ಕೆಲಸ ಮಾಡಿದ್ದು ಒಂದು ಕಡೆ. ನಮ್ಮ ಬಾವಿಯ ರಾಟೆಯ ಮೇಲೆ ಇವರ ಕಣ್ಣೆದುರಿಗೇ ಕೂರುವ ಹಕ್ಕಿಯನ್ನು ಇವರು ಗುರುತಿಸಲಿಲ್ಲವೆಂಬದು ಇನ್ನೊಂದು ಕಡೆ. ಅಮ್ಮ ಅವರ ಸಂಗಡ ಮೆಲ್ಲಗೆ ಏನೋ ಹೇಳಿದ್ದು ಕೇಳಿಸಿತು. ಎರಡು ದಿನ ನಾನು ಅಪ್ಪನವರೊಡನೆ ಮಾತಾಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ನಾನು ಏಳುವ ಮುಂಚೆ ಅವರು ಮೊದಲನೆಯ ಬಸ್ಸಿಗೆ ಹೋಗಿಬಿಟ್ಟಿದ್ದರು. ತಿಂಗಳ ಕೊನೆಯಲ್ಲಿ ಫೀಸಿನ ಹಣದ ಸಂಗಡ ಕಾಗದ ಬಂತು. "ಸ್ವೆಟರು ಬೆಚ್ಚಗಿದೆ. ಏನೂ ತೊಂದರೆಯಿಲ್ಲ" ಎಂದು ಒಂದು ಸಾಲು. ಪಕ್ಷಿಯ ಮಾತಿಲ್ಲ. ನಾನು ಅವರಿಗೋಸ್ಕರ ಮತ್ತೊಂದನ್ನು ಹೆಣೆಯಲಿಲ್ಲ. ಅವರು ಕೇಳಲಿಲ್ಲ.

ಮದುವೆಯಾದ ತರುವಾಯ ನೂರಾರು ವಸ್ತುಗಳನ್ನು ಹೆಣೆದಿದ್ದೇನೆ. ಮಕ್ಕಳ ಟೋಪಿಗಳಿಗೆ ತೆಂಗಿನ ಗರಿ, ಬೆಂಗಳೂರಿಗೆ ಹೋದ ಸೊಸೆಯ ಶಾಲಿಗೆ ಜರಿಗಿಡ, ತಂಗಿಯ ಚೀಲಕ್ಕೆ ಅಳಿವೆಯ ತೆರೆಗಳು. ಚಿಕ್ಕದಾಗಿ, ಮತ್ತೆ ಮತ್ತೆ ಬರುವ ಮಾದರಿಯೇ ಈ ಹೆಣಿಗೆಗೆ ಒಪ್ಪುವದೆಂದು ಕಲಿತೆನು; ಒಂದೇ ದೊಡ್ಡ ಚಿತ್ರವನ್ನು ಎದೆಯ ಮೇಲೆ ಕೂರಿಸುವವರು ಬಣ್ಣಕ್ಕೊಂದು ಬೇರೆ ಉಂಡೆಯನ್ನು ಇಟ್ಟುಕೊಂಡು, ಬಣ್ಣಗಳು ಸೇರುವಲ್ಲಿ ಮಾತ್ರ ನೂಲನ್ನು ನೂಲಿಗೆ ಹೊರಳಿಸಬೇಕು. ಈ ಸಂಚಿಕೆಯನ್ನು ಓದುವ ಹುಡುಗಿಯರಿಗೆ ಇನ್ನೂ ಎರಡು ಮಾತು. ಕೆಂಪು ನೂಲನ್ನು ಹೆಣೆಯುವ ಮುಂಚೆ ಒಂದು ತುಂಡನ್ನು ಒದ್ದೆಮಾಡಿ ಬಿಳಿಯ ಬಟ್ಟೆಯೊಳಗೆ ಒತ್ತಿ ನೋಡಿರಿ; ಬಣ್ಣ ಬಿಡುವದಾದರೆ ಬಿಳಿಯ ಪಕ್ಕದಲ್ಲಿ ಅದನ್ನು ಇಡಬೇಡಿರಿ. ಈಗ ಅಂಗಡಿಯಲ್ಲಿ ಉಲ್ಲನ್ ಎಂದು ಮಾರುವದರಲ್ಲಿ ಬಹು ಪಾಲು ಆಕ್ರಿಲಿಕ್ ನೂಲು. ಅದನ್ನು ನುಸಿ ತಿನ್ನುವದಿಲ್ಲ, ಬಿಸಿ ಇಸ್ತ್ರಿ ತಗಲಿದರೆ ಹಾಳಾಗುತ್ತದೆ. ನಿಜವಾದ ಉಣ್ಣೆಗೆ ಮಾತ್ರ ನುಸಿಗುಳಿಗೆ ಬೇಕು, ನಮ್ಮ ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬಿಸಿಲೂ ಬೇಕು. ಬಿಸಿಲು ಎಲ್ಲಿಂದ ಬರಬೇಕೆಂದು ಕೇಳಬೇಡಿರಿ.

ಅಪ್ಪನವರು 1981ರಲ್ಲಿ ಕೆಲಸದಿಂದ ನಿವೃತ್ತರಾಗಿ ಊರಿಗೆ ಬಂದರು. ಸೆಕೆಯ ಊರಲ್ಲಿ ಸ್ವೆಟರಿನ ಪ್ರಸ್ತಾಪವೇ ಬರಲಿಲ್ಲ. ಅದು ಘಟ್ಟದ ಮೇಲೆಯೇ ಹರಿದುಹೋಗಿರಬೇಕೆಂದು ನಾನು ತಿಳಿದಿದ್ದೆನು. 1991ರಲ್ಲಿ ಅವರು ತೀರಿಕೊಂಡರು. ಅಂದು ತೋಟದಲ್ಲಿ ಅವರ ಸಂಗಡ ಇದ್ದ ಒಬ್ಬ ಮುದುಕರು ಸುಳ್ಯದಿಂದ ಬಂದು, ಅಂಗಳದಲ್ಲಿ ನನ್ನನ್ನು ನೋಡಿ, "ನೀವು ಮಿಂಚುಳ್ಳಿ ರೈಟರ ಮಗಳಲ್ಲವೇ?" ಎಂದು ಕೇಳಿದರು. ನನಗೆ ಅರ್ಥವಾಗಲಿಲ್ಲ. ಅವರು ಹೇಳಿದರು: ಬೆಳಿಗ್ಗೆ ಹಾಜರಿಗೆ ನಿಂತಾಗ ಹೊಸ ಆಳು ಯಾರೇ ಬಂದರೂ ರೈಟರ ಎದೆಯನ್ನು ನೋಡಿ ಬಾತುಕೋಳಿ ಎಂದು ನಗುವದುಂಟಂತೆ. ಅಪ್ಪನವರು ಬರೆಯುವದನ್ನು ನಿಲ್ಲಿಸಿ, "ಅದು ಮಿಂಚುಳ್ಳಿ. ನನ್ನ ಮಗಳು ಹೆಣೆದದ್ದು" ಎಂದು ಹೇಳಿದ ಮೇಲೆಯೇ ಹೆಸರು ಬರೆದುಕೊಳ್ಳುತ್ತಿದ್ದರಂತೆ. ಹೀಗೆ ಹನ್ನೆರಡು ಚಳಿಗಾಲ.

ಅವರ ತಗಡಿನ ಪೆಟ್ಟಿಗೆಯ ತಳದಲ್ಲಿ, ಹಳೆಯ ಲೆಕ್ಕದ ಪುಸ್ತಕಗಳ ಕೆಳಗೆ ಸ್ವೆಟರು ಇತ್ತು. ಮೊಣಕೈಗಳು ಸವೆದು ಹೋಗಿ, ಗೋಣಿ ಹೊಲಿಯುವ ಹುರಿಯಿಂದ ತೇಪೆ ಬಿದ್ದಿತ್ತು. ನೀಲಿ ಮಾಸಿ ಬೂದಿಗೆ ಹತ್ತಿರವಾಗಿತ್ತು. ತೆಂಗಿನ ಗರಿಯ ಅಂಚು ಮಾತ್ರ ನಿನ್ನೆ ಹೆಣೆದ ಹಾಗೆ ಗಟ್ಟಿಯಾಗಿತ್ತು. ನಾನು ಅದನ್ನು ತಿರುವಿ ಒಳಬದಿಯನ್ನು ನೋಡಿದೆನು. ಪಕ್ಷಿಯ ಹಿಂದೆ ನಾನು ಜೋಲುಬಿಟ್ಟಿದ್ದ ನೂಲುಗಳು ಪ್ರತಿದಿನ ಬೆಳಿಗ್ಗೆ ಕತ್ತಲಲ್ಲಿ ತೊಡುವಾಗ ಅವರ ಬೆರಳಿಗೆ ಸಿಕ್ಕಿಬೀಳುತ್ತಿದ್ದಿರಬೇಕು. ಅವರು ಅವುಗಳನ್ನು ಕತ್ತರಿಸಿರಲಿಲ್ಲ. ಒಂದೊಂದನ್ನೂ ಕಪ್ಪು ದಾರದಿಂದ, ಇಂಚಿಗೊಂದು ಟಾಕಿನಂತೆ, ಬಟ್ಟೆಗೆ ಸೇರಿಸಿ ಹೊಲಿದಿದ್ದರು. ಒಂದು ಟಾಕು ಕೂಡ ಮುಂಬದಿಗೆ ಕಾಣದ ಹಾಗೆ ಸೂಜಿಯನ್ನು ಹಾಯಿಸಿದ್ದರು. ಎಣಿಸಿ ನೋಡಿದೆನು: 54.

ಕಳೆದ ವರುಷ ನುಸಿ ಹೊಕ್ಕು ತೋಳಿನ ಬಳಿ ಒಂದು ತೂತಾದಾಗ ಅದನ್ನು ತುಂಬಿದೆನು. ಒಳಬದಿಯ ಹೊಲಿಗೆಯನ್ನು ಮುಟ್ಟಲಿಲ್ಲ. ಟಾಕುಗಳು ಒಂದು ಉದ್ದ, ಒಂದು ಗಿಡ್ಡ, ಗಂಟುಗಳು ದಪ್ಪ, ಹಾಜರಿ ಪುಸ್ತಕ ಬರೆಯುವ ಕೈಯ ಕೆಲಸ. ನಮ್ಮ ಟೀಚರವರು ಅದಕ್ಕೆ ಹತ್ತಕ್ಕೆ ಮೂರಕ್ಕಿಂತ ಹೆಚ್ಚು ಅಂಕ ಕೊಡುತ್ತಿರಲಿಲ್ಲ.